ಸೋಲಲೆಂದೇ ಕಟ್ಟಿದ ಕೋಟೆಗಳು

ಹೋದ ತಿಂಗಳು ಪುಣೆಯಲ್ಲಿರುವ ಹಳೆಯ ಗೆಳೆಯನ ಫೋನ್ ಬಂತು. ಮಳೆ, ಮಕ್ಕಳ ಫೀಸು, ತೊಗರಿ ರೇಟು ಎಲ್ಲ ಮುಗಿದ ಮೇಲೆ ಮಾತು ತಾನಾಗೇ ಡಸ್ಟ್ ಟೂ ಕಡೆ ಹೊರಳಿತು. ‘ಸುರಂಗದಿಂದ ಹೊರಗ ಬಂದ್ರ ಪೆಟ್ಟಿಗಿ ಇದ್ವಲ್ಲ, ಅದರ ಹಿಂದ ಕುಂತು ಎಷ್ಟ್ ಮಂದಿನ ಹೊಡದಿದ್ದೆಪ್ಪಾ ನೀ’ ಅಂದ. ‘ಪೆಟ್ಟಿಗಿ ಹಿಂದ ಅಲ್ಲಲೇ, ಕಿಟಕಿ ಬಾಜೂಕ’ ಅಂದೆ. ಅವನು ಒಪ್ಪಲಿಲ್ಲ. ಪೆಟ್ಟಿಗೆ ಎಷ್ಟು ಎತ್ತರ ಇತ್ತು, ಅಲ್ಲಿಂದ ಬಾಗಿಲು ಕಾಣುತ್ತಿತ್ತೋ ಇಲ್ಲವೋ ಅಂತ ಇಬ್ಬರೂ ಜೋರಾಗೇ ವಾದ ಮಾಡಿದೆವು. ಫೋನ್ ಇಟ್ಟ ಮೇಲೆ ಹೆಂಡತಿ ಕೇಳಿದಳು: ‘ಯಾವ ಓಣಿ ಮಾತಾಡ್ಲತ್ತಿದ್ರಿ? ಅಲ್ಲಿ ಯಾರ್ ಮನಿ ಅದ?’

ಅದು ಓಣಿ ಅಲ್ಲ, ಕೌಂಟರ್ ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಆಟದ ಮ್ಯಾಪ್, ಆಟ ನಡೆಯೋ ಜಾಗ ಅಂದೆ. ಅವಳು ನಕ್ಕು ಒಳಗೆ ಹೋದಳು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಈಚೆಗಷ್ಟೇ ಒಂದು ದೊಡ್ಡ ಬಜೆಟ್ಟಿನ ಹೊಸ ಶೂಟಿಂಗ್ ಆಟ ಆಡಿ ಮುಗಿಸಿದ್ದೆ. ಹೊಳೆ, ಹಿಮ, ಹೊಗೆ ಎಲ್ಲ ಕಣ್ಣು ಕುಕ್ಕುವ ಹಾಗಿತ್ತು. ಅದರ ಒಂದು ಕೋಣೆ ಹೇಗಿತ್ತು ಅಂತ ಕೇಳಿದರೆ ಹೇಳಕ್ಕಾಗಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ ಆಡಿದ, ಮರಳು ಬಣ್ಣದ ನಾಲ್ಕು ಗೋಡೆ ಬಿಟ್ಟರೆ ಬೇರೇನೂ ಇಲ್ಲದ ಮ್ಯಾಪನ್ನು ಈಗಲೂ ಹಾಳೆ ಮೇಲೆ ಬಿಡಿಸಬಲ್ಲೆ. ವಯಸ್ಸಿನ ನೆನಪು, ಹುಡುಗಾಟಿಕೆಯ ದಿನಗಳು ಅಂತ ಹೇಳಿ ಮುಗಿಸಬಹುದು. ಅದು ಅರ್ಧ ಉತ್ತರ ಅಷ್ಟೇ. ಅದೇ ಕೆಫೆಯಲ್ಲಿ ಅದೇ ಹುಡುಗರ ಜೊತೆ ಬೇರೆ ಎಷ್ಟೋ ಮ್ಯಾಪ್ ಆಡಿದ್ದೆವು. ಅವೆಲ್ಲ ಮರೆತುಹೋಗಿವೆ.

ಬಾಗಿಲಿನ ಸಂದಿ

ನಾವು ಆಡುತ್ತಿದ್ದುದು ಬೀದರಿನ ಹಳೇ ಊರಲ್ಲಿ, ಚೌಬಾರಾದಿಂದ ಸ್ವಲ್ಪ ಮುಂದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಸೈಬರ್ ಕೆಫೆ. ತಾಸಿಗೆ 15 ರೂಪಾಯಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಹೋದರೆ ಯುಪಿಎಸ್ ಕೀ ಕೀ ಅನ್ನುವುದರೊಳಗೆ ಆ ರೌಂಡ್ ಮುಗಿಸಬೇಕು. ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಕಿವಿಗೆ ಕೇಳುತ್ತಿದ್ದವು. ಕೌಂಟರ್ ಸ್ಟ್ರೈಕ್ ಆಡಿದವರಿಗೆ ಗೊತ್ತು, ಒಂದು ಕಿವಿ ಇಲ್ಲದಿದ್ದರೆ ಹೆಜ್ಜೆ ಸಪ್ಪಳ ಎಡಕ್ಕೋ ಬಲಕ್ಕೋ ತಿಳಿಯಲ್ಲ. ಅದಕ್ಕೇ ಎಲ್ಲರೂ ಕೂಗಿ ಹೇಳುತ್ತಿದ್ದರು. ‘ಸುರಂಗದಾಗ ಇಬ್ರು ಬರ್ಲತ್ತಾರ!’ ಅಂತ ಒಬ್ಬ, ‘ಲಾಂಗ್ ಸೇ ದೋ ಆರೈಂ ಭಾಯ್!’ ಅಂತ ಇನ್ನೊಬ್ಬ. ಎದುರು ತಂಡದವರೂ ಅದೇ ಕೋಣೆಯಲ್ಲೇ ಕೂತಿರುತ್ತಿದ್ದರು ಅನ್ನುವುದು ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ.

ಅಲ್ಲಿ ಡಿಪ್ಲೊಮಾ ಓದುವ ಅಣ್ಣ ಒಬ್ಬ ಬರುತ್ತಿದ್ದ. ಆಟ ಇಷ್ಟೇ: ಟೆರರಿಸ್ಟ್ ತಂಡ ಎ, ಬಿ ಅನ್ನುವ ಎರಡು ಜಾಗದಲ್ಲಿ ಒಂದು ಕಡೆ ಬಾಂಬ್ ಇಡಬೇಕು, ಇನ್ನೊಂದು ತಂಡ ಕಾವಲು ಕಾಯಬೇಕು. ಡಸ್ಟ್ ಟೂನಲ್ಲಿ ಟೆರರಿಸ್ಟ್ ಕಡೆ ಶುರು ಮಾಡಿದರೆ ಎದುರಿಗೆ ಇಳಿಜಾರು, ಅದರ ಕೊನೆಯಲ್ಲಿ ಎರಡು ಮರದ ಬಾಗಿಲು, ನಡುವೆ ಒಂದು ಸಂದಿ. ಆ ಸಂದಿಯಾಚೆ ಎದುರು ತಂಡದವರು ಅಡ್ಡ ದಾಟುತ್ತಾರೆ. ಈ ಅಣ್ಣ ರೌಂಡ್ ಶುರುವಾದ ಕೂಡಲೇ ಎಡಬ್ಲ್ಯೂಪಿ ಅನ್ನುವ, ದೂರದಿಂದ ಗುರಿ ಇಟ್ಟು ಹೊಡೆಯುವ ಬಂದೂಕು ತಗೊಂಡು ಅಲ್ಲೇ ನಿಲ್ಲುತ್ತಿದ್ದ. ಬಾಯಲ್ಲಿ ಏನೋ ಎಣಿಸುತ್ತಿದ್ದ. ಆಮೇಲೆ ಸಂದಿ ಬಿಟ್ಟು ಬಾಗಿಲಿನ ಮರಕ್ಕೇ ಒಂದು ಗುಂಡು ಹಾಕುತ್ತಿದ್ದ. ಆಚೆ ಕಡೆಯಿಂದ ಯಾರೋ ‘ಏ!’ ಅಂತ ಕೂಗುತ್ತಿದ್ದರು. ಮರದ ಬಾಗಿಲಿನ ಮೂಲಕ ಗುಂಡು ಹೋಗುತ್ತದೆ ಅನ್ನುವುದು ನಮಗೂ ಗೊತ್ತಿತ್ತು. ಕಾಣದವನಿಗೆ ಹೇಗೆ ತಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಹ್ಯಾಕ್ ಹಾಕ್ಯಾನ ಅಂತ ಗಲಾಟೆಯೂ ಆಯಿತು. ಅವನು ಕುರ್ಚಿ ತಿರುಗಿಸಿ ಸಮಾಧಾನವಾಗಿ ಹೇಳಿದ: ‘ಹ್ಯಾಕ್ ಅಲ್ಲ ತಮ್ಮಾ. ಬಿ ಕಡಿ ಓಡಬೇಕಂದ್ರ ಇಷ್ಟ್ ಹೊತ್ತಿಗಿ ಇಲ್ಲಿ ದಾಟ್ಲೇಬೇಕು. ಬ್ಯಾರೇ ದಾರಿ ಎಲ್ಲದ?’

ಮ್ಯಾಪ್ ಅಂದರೆ ಬರೀ ಗೋಡೆಗಳಲ್ಲ, ಅದರಲ್ಲಿ ಗಡಿಯಾರವೂ ಇದೆ ಅಂತ ನನಗೆ ಹೊಳೆದದ್ದು ಅವತ್ತು. ಕೌಂಟರ್ ಸ್ಟ್ರೈಕ್ 1.6ರಲ್ಲಿ ಚಾಕು ಹಿಡಿದು ಓಡಿದರೆ ಸೆಕೆಂಡಿಗೆ 250 ಯೂನಿಟ್ ವೇಗ. ನಿಂತ ಮನುಷ್ಯನ ಎತ್ತರ 72 ಯೂನಿಟ್. ಈ ಎರಡು ಅಂಕಿ ಎಲ್ಲರಿಗೂ ಒಂದೇ. ಹಾಗಾಗಿ ಯಾರು ಎಲ್ಲಿಂದ ಹೊರಟರೆ ಎಲ್ಲಿ ಯಾವಾಗ ಎದುರಾಗುತ್ತಾರೆ ಅನ್ನುವುದನ್ನು ಮ್ಯಾಪ್ ಮಾಡಿದವನೇ ಮೊದಲು ತೀರ್ಮಾನ ಮಾಡಿರುತ್ತಾನೆ. ಡಸ್ಟ್ ಟೂನಲ್ಲಿ ಮೊದಲ ಮುಖಾಮುಖಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಆಗಿಬಿಡುತ್ತದೆ. ಕಾವಲು ತಂಡ ಎರಡೂ ಬಾಂಬ್ ಜಾಗಗಳಿಗೆ ಸ್ವಲ್ಪ ಮೊದಲು ಮುಟ್ಟುತ್ತದೆ. ಆ ‘ಸ್ವಲ್ಪ’ ಕಡಿಮೆಯಾದರೂ ಕೆಟ್ಟಿತು, ಜಾಸ್ತಿಯಾದರೂ ಕೆಟ್ಟಿತು.

ಇದನ್ನು ಮಾಡಿದವನು ಡೇವ್ ಜಾನ್‌ಸ್ಟನ್ ಅನ್ನುವ ಇಂಗ್ಲೆಂಡಿನ ಹುಡುಗ. 1999ರಲ್ಲಿ ಮೊದಲ ಡಸ್ಟ್ ಮಾಡಿದಾಗ ಇನ್ನೂ ಹದಿಹರೆಯ. ಆಗಿನ್ನೂ ಹೊರಬರದ ಬೇರೊಂದು ಆಟದ ಚಿತ್ರಗಳಲ್ಲಿದ್ದ ಮರಳು ಬಣ್ಣದ ಊರನ್ನು ನೋಡಿ ಅಂಥದ್ದೇ ಒಂದು ಮಾಡಲು ಹೊರಟಿದ್ದ. 2001ರಲ್ಲಿ ಡಸ್ಟ್ ಟೂ ಬಂತು. ಅದರ ದಾರಿಗಳನ್ನು ಬೆರಳಿನಲ್ಲಿ ಎಣಿಸಬಹುದು: ಲಾಂಗ್, ಕ್ಯಾಟ್‌ವಾಕ್, ನಡುವಿನ ಬಾಗಿಲು, ಬಿ ಕಡೆಯ ಸುರಂಗ. ಅಷ್ಟೇ. ಒಂದೊಂದು ದಾರಿಯ ಸ್ವಭಾವ ಒಂದೊಂದು. ಲಾಂಗ್ ಉದ್ದ, ಬಿಸಿಲು, ಬಂದೂಕು ಚೆನ್ನಾಗಿ ಹಿಡಿಯುವವನದ್ದು. ಸುರಂಗ ಕತ್ತಲೆ, ಇಕ್ಕಟ್ಟು, ಧೈರ್ಯ ಇದ್ದವನದ್ದು. ನಡು ಭಾಗದಲ್ಲಿ ನಿಂತವನು ಎರಡೂ ಕಡೆ ಹೋಗಬಹುದು, ಆದರೆ ಎರಡೂ ಕಡೆಯಿಂದ ಸಾಯಬಹುದು. ಹೊಸಬ ಬಂದರೆ ಒಂದು ಸಂಜೆಯಲ್ಲಿ ಮ್ಯಾಪ್ ಕಲಿಯುತ್ತಿದ್ದ. ಆಮೇಲೆ ಅವನು ಕಲಿಯಬೇಕಾದ್ದು ಮನುಷ್ಯರನ್ನು.

ಮೂರು ಬಾಗಿಲು

ದೀಪಾವಳಿ ರಜೆಗೆ ಅಕ್ಕನ ಮಗನನ್ನು ಕರೆದುಕೊಂಡು ಕೋಟೆಗೆ ಹೋಗಿದ್ದೆ. ಬೀದರ್ ಕೋಟೆ ನಮಗೆ ಎಷ್ಟು ಬಳಕೆ ಅಂದರೆ ಅದನ್ನು ನೋಡುವುದನ್ನೇ ಬಿಟ್ಟಿರುತ್ತೇವೆ. ಕಾಲೇಜಿನ ದಿನಗಳಲ್ಲಿ ಅಲ್ಲಿಗೆ ಹೋಗುತ್ತಿದ್ದುದು ಹುಲ್ಲಿನ ಮೇಲೆ ಮಲಗೋದಕ್ಕೆ. ಹುಡುಗ ಮೊದಲ ಬಾಗಿಲು ದಾಟಿದ ಮೇಲೆ ನಿಂತುಬಿಟ್ಟ. ‘ಮಾಮಾ, ದಾರಿ ಸೀದಾ ಯಾಕಿಲ್ಲ?’

ಸೀದಾ ಇದ್ದರೆ ಆನೆ ಓಡಿ ಬಂದು ಬಾಗಿಲಿಗೆ ಗುದ್ದುತ್ತದೆ, ಅದಕ್ಕೇ ಇಲ್ಲ ಅಂದೆ. ಮೊದಲ ಬಾಗಿಲು, ಆಮೇಲೆ ಶರ್ಜಾ ದರವಾಜಾ, ಆಮೇಲೆ ಗುಂಬಜ್ ದರವಾಜಾ. ನಡುವೆ ದಾರಿ ಹೊರಳುತ್ತದೆ. ಎರಡೂ ಕಡೆ ಎತ್ತರದ ಗೋಡೆ. ಮೇಲೆ ನಿಂತವನಿಗೆ ಕೆಳಗಿನವನು ಪೂರ್ತಿ ಕಾಣುತ್ತಾನೆ, ಕೆಳಗಿನವನಿಗೆ ಮುಂದಿನ ತಿರುವೂ ಕಾಣಲ್ಲ. ಬಾಗಿಲಿನ ಹೊರಗೆ ಊರಿನ ಕಡೆ ಕಂದಕ ಇದೆ, ಬಂಡೆಯನ್ನೇ ಕೊರೆದು ಮೂರು ಸಾಲು ಮಾಡಿದ್ದಾರೆ. ಅಹ್ಮದ್ ಶಾ ಬಹಮನಿ ಹದಿನೈದನೇ ಶತಮಾನದಲ್ಲಿ ಕಲಬುರಗಿ ಬಿಟ್ಟು ಇಲ್ಲಿಗೆ ರಾಜಧಾನಿ ತಂದಾಗ ಕಟ್ಟಿದ ಬುದ್ಧಿ ಇದು. ಹುಡುಗ ಎಲ್ಲ ಕೇಳಿ, ‘ಅಂದ್ರ ಇದು ಹಾರ್ಡ್ ಲೆವೆಲ್’ ಅಂದ.

ಅಲ್ಲ. ಹಾರ್ಡ್ ಲೆವೆಲ್ ಬೇರೆ, ಕೋಟೆ ಬೇರೆ. ಅವನಿಗೆ ಅಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ. ಕೋಟೆ ಕಟ್ಟಿದವನಿಗೆ ಬಂದವನು ಸಾಯಬೇಕು, ಅಷ್ಟೇ. ಲೆವೆಲ್ ಕಟ್ಟಿದವನಿಗೆ ಬಂದವನು ಗೆಲ್ಲಬೇಕು, ಆದರೆ ತಾನೇ ಗೆದ್ದೆ ಅಂದುಕೊಳ್ಳಬೇಕು. ಇಬ್ಬರ ಕೈಯಲ್ಲೂ ಇರುವ ಸಾಮಾನು ಒಂದೇ. ತಿರುವು, ಎತ್ತರ, ಕತ್ತಲೆ, ಇಕ್ಕಟ್ಟು, ಒಂದೇ ಬಾಗಿಲು. ಕೋಟೆಯವನು ಸುದ್ದಿ ಮುಚ್ಚಿಡುತ್ತಾನೆ. ಆಟದವನು ಸುದ್ದಿ ಬಿಟ್ಟುಕೊಡುತ್ತಾನೆ, ಅದೂ ಸ್ವಲ್ಪ ಸ್ವಲ್ಪವೇ, ನಿನಗೆ ಗೊತ್ತಾಗದ ಹಾಗೆ. ನನ್ನ ಪ್ರಕಾರ ಒಳ್ಳೆ ಲೆವೆಲ್ಲಿಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ. ಗ್ರಾಫಿಕ್ಸು, ಬಂದೂಕು ಎಲ್ಲ ಆಮೇಲಿನ ಮಾತು.

ಕಿಟಕಿಯಾಚೆ ನೀಲಿ ಕವಚ

ಡೂಮ್ ಅನ್ನುವ ಶೂಟಿಂಗ್ ಆಟ ಬಂದದ್ದು 1993ರ ಡಿಸೆಂಬರ್‌ನಲ್ಲಿ. ನಾನು ನೋಡಿದ್ದು ಬಹಳ ತಡವಾಗಿ, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ. ಮೊದಲ ಎಪಿಸೋಡ್ ಮಾತ್ರ ಪುಕ್ಕಟೆ ಇತ್ತು. ಆ ಎಪಿಸೋಡಿನ ಬಹುಪಾಲು ಮ್ಯಾಪ್ ಜಾನ್ ರೊಮೆರೋ ಕೈಯದು. ಮೊದಲ ಮ್ಯಾಪಿನ ಶುರುವಿನಲ್ಲೇ, ಯಾರನ್ನೂ ಕೊಲ್ಲುವ ಮೊದಲೇ, ಒಂದು ಕಿಟಕಿ ಇದೆ. ಅದರಾಚೆ ಬಯಲು, ಹಸಿರು ವಿಷದ ಹೊಂಡ, ಹೊಂಡದ ನಡುವೆ ಹೊಳೆಯುವ ನೀಲಿ ಕವಚ. ಬೇಕು ಅನಿಸುತ್ತದೆ. ಬಾಗಿಲು ಎಲ್ಲೂ ಇಲ್ಲ. ಆಮೇಲೆ ಅಂಕುಡೊಂಕು ದಾರಿಯ ಕೋಣೆ ಬರುತ್ತದೆ, ಮೇಲಿನ ಕಟ್ಟೆಯಿಂದ ಇಂಪ್ ಅನ್ನುವ ಪಿಶಾಚಿ ಬೆಂಕಿ ಉಂಡೆ ಎಸೆಯುತ್ತದೆ, ಕಿಟಕಿ ಮರೆತುಹೋಗುತ್ತದೆ. ಎಲ್ಲೋ ಗೋಡೆ ತಡಕಾಡುವಾಗ ಒಂದು ಗುಪ್ತ ದಾರಿ ತೆರೆಯುತ್ತದೆ. ಅದರಲ್ಲಿ ನುಗ್ಗಿದರೆ ಮೇಲೆ ಆಕಾಶ, ಕಾಲ ಕೆಳಗೆ ಹಸಿರು ಹೊಂಡ, ಎದುರಿಗೆ ನೀಲಿ ಕವಚ. ಆಗ ತಿರುಗಿ ನೋಡಬೇಕು. ಕಿಟಕಿಯ ಒಳಗೆ ನೀನು ಆಟ ಶುರು ಮಾಡಿದ ಕೋಣೆ ಕಾಣುತ್ತದೆ.

ಹೊರಗೆ ಕಂಡ ಜಾಗಕ್ಕೆ ಆಡುವವನು ಹೇಗಾದರೂ ಹೋಗುವ ಹಾಗಿರಬೇಕು ಅನ್ನುವುದು ರೊಮೆರೋ ತಾನೇ ಹಾಕಿಕೊಂಡ ಕಟ್ಟುಪಾಡು. ಇಂಥವು ಇನ್ನೂ ಕೆಲವು ಇದ್ದವು. ನೆಲದ ಬಣ್ಣ ಬದಲಾದರೆ ಎತ್ತರವೂ ಬದಲಾಗಬೇಕು. ಬೆಳಕಿನ ಪಕ್ಕದಲ್ಲೇ ಕತ್ತಲೆ, ಇಕ್ಕಟ್ಟಿನ ಪಕ್ಕದಲ್ಲೇ ಬಯಲು ಬರಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಹಾಗೆ ದಾರಿ ಸುತ್ತಬೇಕು. ಮೊದಲ ಮ್ಯಾಪನ್ನು ಅವನು ಮಾಡಿದ್ದು ಕೊನೆಗೆ, ಉಳಿದವನ್ನೆಲ್ಲ ಮಾಡಿ ಕೈ ಪಳಗಿದ ಮೇಲೆ. ಅದು ನೋಡಿದರೆ ಗೊತ್ತಾಗುತ್ತದೆ.

ಇದರ ಬೆಲೆ ತಿಳಿಯಬೇಕಾದರೆ 1992ರ ವುಲ್ಫೆನ್‌ಸ್ಟೈನ್ ಆಡಬೇಕು. ಅದೂ ಡೂಮ್ ಮಾಡಿದ ಐಡಿ ಸಾಫ್ಟ್‌ವೇರ್‌ನವರದ್ದೇ. ಗೋಡೆಗಳೆಲ್ಲ ಒಂದೇ ಎತ್ತರ, ಮೂಲೆಗಳೆಲ್ಲ ನೆಟ್ಟಗೆ 90 ಡಿಗ್ರಿ, ನೆಲ ಸಪಾಟು. 64 ಚೌಕ ಉದ್ದ, 64 ಚೌಕ ಅಗಲದ ಹಾಳೆಯಲ್ಲಿ ಗೋಡೆ ತುಂಬಿಸಿದ ಹಾಗೆ. ಹತ್ತು ನಿಮಿಷ ಆದ ಮೇಲೆ ಎಲ್ಲಿದ್ದೇನೆ ಅಂತಲೇ ತಿಳಿಯಲ್ಲ. ಹಳೇದೆಲ್ಲ ಚಿನ್ನ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಡೂಮ್‌ನಲ್ಲೂ ಕೋಣೆಯ ಮೇಲೆ ಕೋಣೆ ಇಡಲು ಬರುತ್ತಿರಲಿಲ್ಲ, ಒಳಗೆ ಅದೂ ಚಪ್ಪಟೆ ನಕ್ಷೆಯೇ. ಆದರೆ ನೆಲ, ಛಾವಣಿಗಳನ್ನು ಏರಿಸಿ ಇಳಿಸಬಹುದಿತ್ತು, ಒಂದೊಂದು ತುಂಡಿಗೆ ಒಂದೊಂದು ಬೆಳಕು ಕೊಡಬಹುದಿತ್ತು. ಅಷ್ಟರಲ್ಲೇ ಮೆಟ್ಟಿಲು, ಕಟ್ಟೆ, ಕಿಟಕಿ, ಕತ್ತಲ ಮೂಲೆ ಎಲ್ಲ ಹುಟ್ಟಿದವು. ಕೀಲಿ ಕೈಗೆ ಸಿಕ್ಕ ಕ್ಷಣ ದೀಪ ಆರುತ್ತದೆ, ಬೆನ್ನ ಹಿಂದಿನ ಗೋಡೆ ಇಳಿಯುತ್ತದೆ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಆದರೆ ಅದು ಬಂದ ದಾರಿ ಅಲ್ಲ.

ಮತ್ತೆ ಬರುವುದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು 1998ರ ಹಾಫ್ ಲೈಫ್, ಅದರಲ್ಲೂ ಬ್ಲಾಸ್ಟ್ ಪಿಟ್ ಅನ್ನುವ ಅಧ್ಯಾಯ. ದೊಡ್ಡ ಬಾವಿಯಂಥ ಕೊಳವೆ, ಅದರೊಳಗಿಂದ ಎದ್ದು ನಿಂತ ಮೂರು ಉದ್ದನೆಯ ಕುತ್ತಿಗೆ. ಕೊನೆಯಲ್ಲಿ ಕೊಕ್ಕು, ಕಣ್ಣಿಲ್ಲ. ಸಪ್ಪಳ ಕೇಳಿದ ಕಡೆ ಕುಕ್ಕುತ್ತವೆ. ಬಂದೂಕಿನಿಂದ ಸಾಯಲ್ಲ. ಕೊಳವೆಯ ಮೇಲೆ ರಾಕೆಟ್ ಎಂಜಿನ್ ಇದೆ, ಅದನ್ನು ಹೊತ್ತಿಸಿದರೆ ಸುಟ್ಟುಹೋಗುತ್ತವೆ. ಅದಕ್ಕೆ ಇಂಧನ ಬೇಕು, ಆಕ್ಸಿಜನ್ ಬೇಕು, ಕರೆಂಟ್ ಬೇಕು. ಒಂದೊಂದನ್ನೂ ಚಾಲೂ ಮಾಡಲು ಈ ಕೊಳವೆಯ ಅಂಚಿನಲ್ಲೇ ಬಾಗಿ, ಉಸಿರು ಬಿಗಿಹಿಡಿದು, ಮೆಟ್ಟಿಲು ಇಳಿದು ಹೋಗಬೇಕು. ಕೆಲಸ ಮುಗಿಸಿ ಮತ್ತೆ ಅಲ್ಲಿಗೇ ಬರಬೇಕು. ಮೊದಲ ಸಲ ಓಡಿ ಸಾಯುತ್ತೀರಿ. ಆಮೇಲೆ ಬೇರೆ ಕಡೆ ಗ್ರೆನೇಡ್ ಎಸೆದು ಕೊಕ್ಕು ಅತ್ತ ಹೊರಳಿದಾಗ ದಾಟುವುದು ಕಲಿಯುತ್ತೀರಿ. ಕೊನೆಯ ಸಲ ಬರುವಾಗ ಯಾವ ಮೆಟ್ಟಿಲು ಎಲ್ಲಿ ಅಂತ ನೋಡದೇ ಇಳಿಯುತ್ತೀರಿ. ನಾನು ಅಲ್ಲಿ ಮೈಯನ್ನೇ ಕುರ್ಚಿಯಲ್ಲಿ ಬಾಗಿಸಿ ಕೂರುತ್ತಿದ್ದೆ. ಹೀಗೆ ಕೂತರೆ ಸಪ್ಪಳ ಕಡಿಮೆ ಆಗುತ್ತದೆ ಅಂತ ಯಾರು ಹೇಳಿದ್ದರೋ.

(ಇನ್ನೊಂದು ಸಣ್ಣ ವಿಷಯ, ಬಿಡಲು ಮನಸಿಲ್ಲ. 1996ರ ಕ್ವೇಕ್‌ನಲ್ಲಿ ಕಷ್ಟ ಎಷ್ಟಿರಬೇಕು ಅಂತ ಕೇಳುವ ಮೆನು ಇಲ್ಲ. ಶುರುವಿನಲ್ಲೇ ಮೂರು ಹಾದಿಯ ಒಂದು ಮ್ಯಾಪ್ ಇದೆ, ಯಾವ ಹಾದಿಯಲ್ಲಿ ನಡೆದೆಯೋ ಅದೇ ಉತ್ತರ. ಅತಿ ಕಷ್ಟದ ನಾಲ್ಕನೆಯದ್ದನ್ನು ಬಚ್ಚಿಟ್ಟಿದ್ದಾರೆ, ಹುಡುಕಿದವರಿಗೆ ಮಾತ್ರ.)

ಚೌಬಾರಾ ಮ್ಯಾಪ್

ನಮ್ಮಲ್ಲೊಬ್ಬ ಇಂಜಿನಿಯರಿಂಗ್ ಓದುವಾಗ ಮ್ಯಾಪ್ ಮಾಡುವ ಹ್ಯಾಮರ್ ಎಡಿಟರ್ ಅನ್ನುವ ಸಾಫ್ಟ್‌ವೇರ್ ಕಲಿತ. ಅವನಿಗೆ ಒಂದೇ ಹಟ. ಚೌಬಾರಾವನ್ನು ಕೌಂಟರ್ ಸ್ಟ್ರೈಕ್‌ಗೆ ತರಬೇಕು. ನೋಡದವರಿಗೆ ಹೇಳುವುದಾದರೆ, ಹಳೇ ಬೀದರಿನ ನಟ್ಟನಡುವೆ ಸುಮಾರು 22 ಮೀಟರ್ ಎತ್ತರದ ದುಂಡು ಗೋಪುರ. ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ. ಹಿಂದೆ ಕಾವಲು ಗೋಪುರ, ಈಗ ಮೇಲೆ ಗಡಿಯಾರ. ಒಂದು ರಸ್ತೆ ಹಿಡಿದು ಹೋದರೆ ಮಹಮೂದ್ ಗಾವಾನ್ ಮದರಸಾ, ಇನ್ನೂ ಮುಂದೆ ಕೋಟೆ. ಊರಿನ ಯಾವ ಗಲ್ಲಿಯಲ್ಲಿ ದಾರಿ ತಪ್ಪಿದರೂ ಚೌಬಾರಾಕ್ಕೆ ಬಂದರೆ ಮುಗಿಯಿತು. ಗುರುತು ಹಿಡಿಯಲು ಇದಕ್ಕಿಂತ ಬೇರೆ ಏನು ಬೇಕು? ಹಾಫ್ ಲೈಫ್ ಟೂನಲ್ಲಿ ಊರಿನ ಎಲ್ಲಿ ನಿಂತರೂ ಸಿಟಡೆಲ್ ಗೋಪುರ ತಲೆ ಎತ್ತಿ ಕಾಣುತ್ತದಲ್ಲ, ಕಾಗದದ ಮೇಲೆ ಇದೂ ಅದೇ.

ಮೊದಲು ಲೀಕ್ ಬಂತು. ಕೌಂಟರ್ ಸ್ಟ್ರೈಕ್ ಓಡಿಸುವ ಎಂಜಿನ್‌ನಲ್ಲಿ, ಅಂದರೆ ಆಟದ ಒಳಗಿನ ಸಾಫ್ಟ್‌ವೇರ್‌ನಲ್ಲಿ, ಮ್ಯಾಪ್ ಅಂದರೆ ಎಲ್ಲ ಕಡೆ ಮುಚ್ಚಿದ ಡಬ್ಬಿ. ಆಕಾಶವೂ ಒಂದು ಮುಚ್ಚಳವೇ. ಎಲ್ಲೋ ಒಂದು ಕೂದಲಿನಷ್ಟು ಸಂದಿ ಇದ್ದರೂ ಕಂಪೈಲ್, ಅಂದರೆ ಮ್ಯಾಪನ್ನು ಆಡುವ ರೂಪಕ್ಕೆ ತರುವ ಕೆಲಸ, ಕೈಕೊಡುತ್ತದೆ. ಅದನ್ನು ಹುಡುಕಿ ಮುಚ್ಚಿದ. ಆಮೇಲೆ ವಿಸ್ ಓಡಿಸಿದ. ವಿಸ್ ಅಂದರೆ, ಎಲ್ಲಿ ನಿಂತರೆ ಏನೇನು ಕಾಣಬಹುದು ಅಂತ ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುವುದು. ಕಾಣದ್ದನ್ನು ಬಿಡಿಸುವ ಗೋಜಿಗೆ ಹೋಗಬಾರದು, ಆಗಿನ ಮಷಿನ್‌ಗಳು ತಡೆಯುತ್ತಿರಲಿಲ್ಲ. ಕ್ವೇಕ್‌ನಿಂದ ಬಂದ ಉಪಾಯ ಇದು, ಹಾಫ್ ಲೈಫ್, ಕೌಂಟರ್ ಸ್ಟ್ರೈಕ್ ಎಲ್ಲ ಅದರ ಮೇಲೇ ನಿಂತಿವೆ. ಚೌಬಾರಾದ ಬುಡದಲ್ಲಿ ನಿಂತರೆ ನಾಲ್ಕೂ ರಸ್ತೆ ಕೊನೆಯವರೆಗೆ ಕಾಣುತ್ತದೆ. ಅಂದರೆ ಎಲ್ಲಿಂದ ಎಲ್ಲವೂ ಕಾಣುತ್ತದೆ. ವಿಸ್ ರಾತ್ರಿಯಿಡೀ ಓಡಿತು. ಬೆಳಗಿನ ಜಾವ ಕರೆಂಟ್ ಹೋಯಿತು. ಮತ್ತೆ ಮೊದಲಿನಿಂದ.

ಕೊನೆಗೆ ಆಡಲು ಕೂತೆವು. ಎಲ್ಲರಿಗೂ ಖುಷಿ. ಗೋಪುರ ನೋಡಿ ಶಿಳ್ಳೆ ಹೊಡೆದೆವು. ಮೂರು ರೌಂಡ್ ಆದ ಮೇಲೆ ಯಾರಿಗೂ ಬೇಡವಾಯಿತು. ಗೋಪುರದ ಹತ್ತಿರ ಒಬ್ಬ ಎಡಬ್ಲ್ಯೂಪಿ ಹಿಡಿದು ಕೂತರೆ ನಾಲ್ಕೂ ರಸ್ತೆ ಅವನದ್ದೇ. ಉಳಿದವರು ಓಡುವುದು, ಸಾಯುವುದು. ನಾಲ್ಕು ದಿಕ್ಕಿಗೂ ಕಣ್ಣಿಡಬೇಕು ಅಂತಲೇ ಕಟ್ಟಿದ ಗೋಪುರ ಅದು, ತನ್ನ ಕೆಲಸವನ್ನು ಅಲ್ಲೂ ಚೆನ್ನಾಗೇ ಮಾಡಿತು. ಗೆಳೆಯ ಬಿಡಲಿಲ್ಲ. ರಸ್ತೆಗಳನ್ನು ಅರ್ಧಕ್ಕೆ ಕತ್ತರಿಸಿದ. ನಡುವೆ ತಿರುವು ಹಾಕಿದ. ಅಂಗಡಿಗಳ ಹಿಂದಿನಿಂದ ಒಂದು ಗಲ್ಲಿ ತೆಗೆದ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಲಗೆ ಇಟ್ಟ. ವಿಸ್ ಬೇಗ ಮುಗಿಯಿತು, ಆಟವೂ ರಂಗೇರಿತು. ಆದರೆ ಆಗ ಅದು ಚೌಬಾರಾ ಆಗಿ ಉಳಿಯಲಿಲ್ಲ. ‘ಇದ್ಯಾವ ಊರ್ರೀ?’ ಅಂತ ಕೆಫೆ ಅಣ್ಣನೇ ಕೇಳಿದ.

ಡೂಮ್ ಟೂನಲ್ಲಿ ಡೌನ್‌ಟೌನ್ ಅಂತ ಒಂದು ಮ್ಯಾಪ್ ಇದೆ, ಸ್ಯಾಂಡಿ ಪೀಟರ್ಸನ್ ಮಾಡಿದ್ದು. ಬಯಲಿನಲ್ಲಿ ಚೌಕ ಚೌಕ ಕಟ್ಟಡ ನಿಲ್ಲಿಸಿ ಊರು ಅಂದಿದ್ದಾರೆ. ಎಷ್ಟು ಆಡಿದರೂ ನನಗೆ ಅದು ಊರು ಅನಿಸಿಲ್ಲ, ಆಟ ಅಂತಲೂ ಅನಿಸಿಲ್ಲ. 1996ರ ಡ್ಯೂಕ್ ನುಕೆಮ್ ಬೇರೆ ದಾರಿ ಹಿಡಿಯಿತು. ಮಾಳಿಗೆ ಮೇಲೆ ಶುರು, ಫ್ಯಾನ್ ಒಡೆದು ಕೊಳವೆಯಲ್ಲಿ ಇಳಿದರೆ ರಸ್ತೆ, ಎದುರಿಗೆ ಸಿನೆಮಾ ಟಾಕೀಸು. ರಸ್ತೆ ಅಂದರೆ ಹತ್ತು ಹೆಜ್ಜೆ. ಆದರೆ ಟಾಕೀಸಿನ ಒಳಗೆ ಪ್ರೊಜೆಕ್ಟರ್ ಓಡುತ್ತದೆ, ಪರದೆ ಹಿಂದೆ ಜಾಗ ಇದೆ, ಕಕ್ಕಸಿನ ನಲ್ಲಿಯಲ್ಲಿ ನೀರು ಬರುತ್ತದೆ. ಊರನ್ನು ತೋರಿಸಲು ಊರು ಕಟ್ಟಬೇಕಿಲ್ಲ ಅಂತ ಅವರಿಗೆ ಗೊತ್ತಿತ್ತು.

ಚೌಬಾರಾ ಮ್ಯಾಪಿನಿಂದ ನನಗೆ ಉಳಿದದ್ದು ತಿರುವಿನ ಯೋಚನೆ. ಕೋಟೆಯಲ್ಲಿ ತಿರುವು ಬಂದದ್ದು ಆನೆಯ ಭಯಕ್ಕೆ. ಆ ಕಾಲದ ಆಟಗಳಲ್ಲಿ ತಿರುವು ಬಂದದ್ದು, ಒಂದು ಕಾರಣಕ್ಕಾದರೂ, ಕಂಪ್ಯೂಟರಿನ ಬಡತನಕ್ಕೆ. ಎರಡು ಕೋಣೆಗಳ ನಡುವೆ ಒಂದು ಅಂಕುಡೊಂಕು ಹಾದಿ ಹಾಕಿದರೆ ಎರಡೂ ಒಟ್ಟಿಗೆ ಕಾಣಲ್ಲ, ಮಷಿನ್ ಉಸಿರಾಡುತ್ತದೆ. ಆದರೆ ಆಡುವವನಿಗೆ ಸಿಕ್ಕಿದ್ದು ಬೇರೆ. ತಿರುವಿನ ಆಚೆ ಏನೋ ಗುರುಗುಟ್ಟುತ್ತದೆ, ಇನ್ನೂ ಕಾಣುತ್ತಿಲ್ಲ. ನಿಲ್ಲುತ್ತೀಯ. ಗುಂಡು ಎಷ್ಟಿವೆ ನೋಡುತ್ತೀಯ. ಬಂದೂಕು ಬದಲಿಸುತ್ತೀಯ. ಆ ಎರಡು ಸೆಕೆಂಡೇ ಆಟ. ಈಗಿನ ಮಷಿನ್‌ಗಳಿಗೆ ಹತ್ತು ಬೆಟ್ಟ ಒಟ್ಟಿಗೆ ತೋರಿಸುವ ತಾಕತ್ತಿದೆ. ಹಾಗಾಗಿ ತಿರುವು ಬೇಕಾಗಿಲ್ಲ, ಎಷ್ಟೋ ಆಟಗಳು ಬಿಟ್ಟೇಬಿಟ್ಟಿವೆ. ಬಯಲಿನಲ್ಲಿ ದಾರಿ ತಪ್ಪಬಾರದು ಅಂತ ಪರದೆ ಮೇಲೆ ಬಾಣದ ಗುರುತು ಹಾಕುತ್ತಾರೆ. ಅಕ್ಕನ ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ, ಅವನು ಬಾಣ ಬಿಟ್ಟು ಬೇರೇನೂ ನೋಡುವುದಿಲ್ಲ. ‘ಎಲ್ಲಿದ್ದೀಯೋ?’ ಅಂದರೆ ‘ಇನ್ನ 200 ಮೀಟರ್ ಅದ ಮಾಮಾ’ ಅಂದ.

ಐಜಿಐ ಬಗ್ಗೆ ಒಂದು ಮಾತು

ಬಯಲು ಅಂದ ಕೂಡಲೇ ಯಾರಾದರೂ ಐಜಿಐ ಹೆಸರು ಎತ್ತುತ್ತಾರೆ. ಎತ್ತಲೇಬೇಕು. 2000ದ ಕೊನೆಗೆ ಬಂದ ಆ ಆಟ ಇಲ್ಲಿನ ಪ್ರತಿ ಕಂಪ್ಯೂಟರ್ ಸೆಂಟರಿನಲ್ಲೂ ಇತ್ತು. ಅದರ ಎಂಜಿನ್ ಮೊದಲು ಬಳಕೆಯಾದದ್ದು ಯುದ್ಧವಿಮಾನದ ಆಟವೊಂದಕ್ಕೆ, ಅದಕ್ಕೇ ಅಷ್ಟು ದೊಡ್ಡ ಬಯಲು. ಗುಡ್ಡದ ಮೇಲೆ ಮಲಗಿ ದುರ್ಬೀನು ಹಾಕಿ ನೋಡಿದರೆ ಇಡೀ ಸೈನ್ಯದ ಠಾಣೆ ಕಾಣುತ್ತದೆ. ತಂತಿ ಬೇಲಿ, ಕಾವಲು ಗೋಪುರ, ಕ್ಯಾಮೆರಾ, ಬ್ಯಾರಕ್. ರೊಮೆರೋ ಕಿಟಕಿಯಷ್ಟು ತೋರಿಸಿದ್ದನ್ನು ಇವರು ಪೂರ್ತಿ ತೋರಿಸಿದರು. ಒಳ್ಳೆಯ ಲೆವೆಲ್ ಅಂತ ನಾನು ಹೇಳಲ್ಲ. ಅಲಾರಂ ಹೊಡೆದರೆ ಬ್ಯಾರಕ್ಕಿನಿಂದ ಸೈನಿಕರು ಬರುತ್ತಲೇ ಇರುತ್ತಾರೆ, ಒಳಗೆ ಹೋಗಿ ನೋಡಿದರೆ ಖಾಲಿ ಮಂಚ. ಕಟ್ಟಡಗಳೆಲ್ಲ ಒಂದೇ ಅಚ್ಚು. ಮತ್ತೆ ಹೇಗೆ ನೆನಪಿದೆ? ನಡುವೆ ಸೇವ್ ಮಾಡಲು ಬರುತ್ತಿರಲಿಲ್ಲ. ಸತ್ತರೆ ಮತ್ತೆ ಬೇಲಿ ಹೊರಗಿನಿಂದ. ಸತ್ತು ಸತ್ತೇ ದಾರಿ ಬಾಯಿಪಾಠ ಆಯಿತು. ಪೆಟ್ಟು ತಿಂದು ಕಲಿಯುವುದಕ್ಕೂ, ಡೂಮ್‌ನ ಹಾಗೆ ದಾರಿಯೇ ಸುತ್ತಿಸಿ ಸುತ್ತಿಸಿ ಕಲಿಸುವುದಕ್ಕೂ ವ್ಯತ್ಯಾಸ ಇದೆ. ಎರಡೂ ನೆನಪಲ್ಲಿ ಉಳಿಯುತ್ತವೆ ನಿಜ. ಆದರೆ ಐಜಿಐಗೆ ವಾಪಸ್ ಹೋಗಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ, ಡೂಮ್‌ನ ಮೊದಲ ಮ್ಯಾಪನ್ನು ಈಗಲೂ ಸುಮ್ನೆ ಒಂದು ಸುತ್ತು ಹಾಕಿ ಬರುತ್ತೇನೆ.

ಕೋಟೆಯ ಕಥೆ ಅರ್ಧಕ್ಕೇ ನಿಂತಿತು. ರಂಗೀನ್ ಮಹಲ್, ಸೋಲಾ ಖಂಬಾ ಎಲ್ಲ ಸುತ್ತಿ, ಬಿಸಿಲಿಗೆ ಗೋಡೆ ನೆರಳಿನಲ್ಲಿ ಕೂತಾಗ ಹುಡುಗ ಕೇಳಿದ, ‘ಮತ್ತ ಈ ಲೆವೆಲ್ ಯಾರೂ ಗೆಲ್ಲಲಿಲ್ಲೇನು ಮಾಮಾ?’ ಗೆದ್ದರು ಅಂದೆ. 1657ರಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿದ, ಇನ್ನೂ ಬಾದಶಾಹ ಆಗಿರಲಿಲ್ಲ. ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್, ಮುದುಕ, ಗಟ್ಟಿ ಆಸಾಮಿ. ಮೊಘಲರು ಈ ಬಾಗಿಲುಗಳ ತಂಟೆಗೇ ಹೋಗಲಿಲ್ಲ, ಫಿರಂಗಿ ಇಟ್ಟು ಬುರುಜು ಒಡೆಯುತ್ತಾ ಕೂತರು. ಕೊನೆಗೆ ನುಗ್ಗುವಾಗ ಅವರು ಹಾರಿಸಿದ ರಾಕೆಟ್ ಬಾಣದ ಒಂದು ಕಿಡಿ ಬುರುಜಿನ ಹಿಂದೆ ಇಟ್ಟಿದ್ದ ಮದ್ದಿನ ಮೇಲೆ ಬಿತ್ತು. ಸಿದ್ದಿ ಮರ್ಜಾನ್ ಮೈಯೆಲ್ಲ ಸುಟ್ಟುಕೊಂಡ, ಮಕ್ಕಳೂ ಸುಟ್ಟುಕೊಂಡರು. ಕೋಟೆ ಕೈಬಿಟ್ಟಿತು, ಅವನೂ ಉಳಿಯಲಿಲ್ಲ.

‘ಬ್ಯಾರಲ್!’ ಅಂದ ಹುಡುಗ, ಎದ್ದು ನಿಂತು. ಡೂಮ್ ಆಡದವನಿಗೂ ಗುಂಡು ಬಿದ್ದರೆ ಸಿಡಿಯುವ ಬ್ಯಾರಲ್ ಗೊತ್ತು, ಈಗಿನ ಎಷ್ಟೋ ಆಟದಲ್ಲೂ ಅದು ಇದ್ದೇ ಇದೆ. ಆಟದಲ್ಲಿ ಅದನ್ನು ಅಲ್ಲಿ ಬೇಕಂತಲೇ ಇಟ್ಟಿರುತ್ತಾರೆ, ನೀನು ಹೊಡೀಲಿ ಅಂತ ಅಂದೆ.

‘ಮತ್ತ ಇಲ್ಲಿ ಯಾರ್ ಇಟ್ಟಿದ್ರು?’

ಅವರೇ ಇಟ್ಟುಕೊಂಡಿದ್ದರು. ನುಗ್ಗಿ ಬಂದವರ ಮೇಲೆ ಸುರಿಯೋಣ ಅಂತ.